ಮಾರುತಿ ಜಿಪ್ಸಿ ಕಿಂಗ್: ಹಳೆಯದನ್ನು ಕೊಂಡು, ರಿಪೇರಿ ಮಾಡಿಸಿ, ಮಲೆನಾಡಲ್ಲಿ ಓಡಿಸಿದ ಮೇಲೆ

ಜಿಪ್ಸಿ ನೋಡಲು ಹೋದವರು ಮೊದಲು ಬಾನೆಟ್ ಎತ್ತುತ್ತಾರೆ. ನನ್ನ ಮಾತು ಕೇಳುವುದಾದರೆ ಮೊದಲು ಗಾಡಿಯ ಕೆಳಗೆ ಮಲಗಿ. ಇಂಜಿನ್ ಇನ್ನೊಂದು ಸಿಗುತ್ತದೆ, ಚಾಸಿಗೆ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ) ತುಕ್ಕು ಹಿಡಿದಿದ್ದರೆ ಆ ಗಾಡಿಯನ್ನು ಅಲ್ಲೇ ಬಿಟ್ಟು ಬರುವುದೇ ವಾಸಿ.

ನನ್ನದು 2003ರ ಎಂಪಿಎಫ್‌ಐ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಮಾದರಿ. 1985ರ ಕೊನೆಯಲ್ಲಿ ಬಂದ ಮೊದಲ ಜಿಪ್ಸಿಗೆ 970 ಸಿಸಿ ಇಂಜಿನ್, ನಾಲ್ಕು ಗೇರು. 1996ರ ಕಿಂಗ್‌ಗೆ 1298 ಸಿಸಿ ಆಯಿತು. 2000ದಲ್ಲಿ 16 ವಾಲ್ವ್, ಎಂಪಿಎಫ್‌ಐ ಸೇರಿ 80 ಹಾರ್ಸ್‌ಪವರ್‌ಗೆ ಏರಿತು. ದಿನಾ ಓಡಿಸುವವರು ಇದನ್ನೇ ಹುಡುಕಿ. ಎಸ್ಟೀಮ್, ವರ್ಸಾಗಳಲ್ಲೂ ಇದೇ ಇಂಜಿನ್ ಇದ್ದುದರಿಂದ ಸಾಮಾನಿಗೆ ಪರದಾಡಬೇಕಿಲ್ಲ. ಆದರೆ ಹೀಟಾಗಲು ಬಿಡಬೇಡಿ, ಅಲ್ಯೂಮಿನಿಯಂ ಹೆಡ್ಡು ಸೊಟ್ಟಗಾಗುತ್ತದೆ.

ಮ್ಯಾಟ್ ಎತ್ತಿ ಮುಂದಿನ ಸೀಟುಗಳ ಅಡಿ, ಹಿಂದಿನ ಚಕ್ರಗಳ ಮೇಲಿನ ತಗಡು, ಗಾಜಿನ ಫ್ರೇಮಿನ ಬುಡ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಗೆ ಬಡಿಯಿರಿ: ಠಣ್ ಅಂದರೆ ಸರಿ, ದಬ್ ಅಂದರೆ ಒಳಗೆ ಕೊಳೆತಿದೆ. ನನ್ನದರ ಚಾಸಿ ಗಟ್ಟಿಯಿತ್ತು, ಫ್ಲೋರ್ ಮಾತ್ರ ಕತ್ತರಿಸಿ ಹೊಸ ತಗಡು ಹಾಕಿಸಿದೆ.

ಜಾಸ್ತಿ ಕಾಡಿದ್ದು ಮುಂದಿನ ನಕಲ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗಲು ಆಕ್ಸಲ್ ತುದಿಯಲ್ಲಿರುವ ಕೀಲು. ಅರವತ್ತರ ವೇಗದಲ್ಲಿ ಗುಂಡಿಗೆ ಇಳಿದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಅಂತ ಬಿಲ್ಲಿನ ಮೇಲೆ ಬಿಲ್ಲು ಕೊಟ್ಟರೇ ಹೊರತು ನಡುಕ ಹೋಗಲಿಲ್ಲ. ಸಕಲೇಶಪುರದ ಹಳೆಯ ಮೇಸ್ತ್ರಿಯೊಬ್ಬರು ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, "ಕಿಂಗ್‌ಪಿನ್ ಬೇರಿಂಗ್ ಹೋಗಿದೆ ಸಾರ್, ಬಿಚ್ಚಲೇಬೇಕು" ಅಂದರು. ನಕಲ್ ತಿರುಗುವುದು ಈ ಬೇರಿಂಗಿನ ಮೇಲೆ. ಬಿಚ್ಚಿದರೆ, ಒಳಗಿನ ಸೀಲು ಹರಿದು ಆಕ್ಸಲ್‌ನ ಗೇರ್ ಆಯಿಲ್ ನಕಲ್ಲಿಗೆ ಇಳಿದು ಗ್ರೀಸೆಲ್ಲ ಕರಿ ಗಂಜಿಯ ಹಾಗಾಗಿತ್ತು. ಬೇರಿಂಗ್ ಕಪ್ಪಿನಲ್ಲಿ ರೋಲರ್ ಕೂತ ಜಾಗ ಒಂದೊಂದೂ ಹಳ್ಳ ಬಿದ್ದಿತ್ತು. ಹೊಸ ಬೇರಿಂಗ್, ಸೀಲ್ ಹಾಕಿ, ನಕಲ್ ಬಿಗಿಯಾಗಿ, ಎಲ್ಲೂ ತಡೆಯದೆ ತಿರುಗುವ ತನಕ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ತೆಗೆದು ಮಾಡುತ್ತಲೇ ಇದ್ದರು. ಅವತ್ತಿನಿಂದ ನಡುಕ ಇಲ್ಲ. ಪೇಂಟಿಗೆ ಇಟ್ಟ ದುಡ್ಡನ್ನು ಮೊದಲು ಇದಕ್ಕೆ ಹಾಕಿ.

ಹಳೆಯ ಪೆಟ್ರೋಲ್ ಪೈಪುಗಳನ್ನೂ ಪೂರ್ತಿ ಬದಲಾಯಿಸಿದೆ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಹಳೆಯ ರಬ್ಬರನ್ನು ನಂಬುವ ಹಾಗಿಲ್ಲ.

ಓಡಿಸಲು ಹೇಗೆ? ಟಾರಿನಲ್ಲಿ ಸುಖವಿಲ್ಲ. ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್, ಹಿಂದೆ ಕೂತವರಿಗೆ ಸೊಂಟನೋವು ಖಂಡಿತ. ಘಾಟಿಯಲ್ಲಿ ಮೈಲೇಜು ಹತ್ತು ದಾಟುವುದಿಲ್ಲ. ಆದರೆ ಜುಲೈ ಮಳೆಯಲ್ಲಿ ಹೆತ್ತೂರು ಕಡೆಯ ತೋಟದ ದಾರಿಗೆ ಇಳಿಸಿದಾಗ ಇದರ ಗುಣ ತಿಳಿಯುತ್ತದೆ. ಸಾವಿರ ಕೆಜಿ ಆಸುಪಾಸಿನ ಗಾಡಿ, ಕೆಸರಲ್ಲಿ ಹೂಳುವುದಿಲ್ಲ. ಲೋ ರೇಂಜಿಗೆ (ನಾಲ್ಕೂ ಚಕ್ರಕ್ಕೆ ನಿಧಾನವಾಗಿ ಹೆಚ್ಚು ಬಲ ಕೊಡುವ ಗೇರಿಗೆ) ಹಾಕಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ ತಾನಾಗೇ ಏರು ಹತ್ತುತ್ತದೆ. ತೂಕದ ಡೀಸೆಲ್ ಜೀಪುಗಳು ಹೂತು ನಿಂತ ಜಾಗದಲ್ಲೂ ಇದು ದಾಟಿದೆ.

ದೆಹಲಿ ಕಡೆಯ ಗಾಡಿ ಅಗ್ಗಕ್ಕೆ ಸಿಗುತ್ತದೆಂದು ಓಡಬೇಡಿ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಮಿಲಿಟರಿ ಹರಾಜಿನ ಗಾಡಿಯಾದರೆ ಹರಾಜಿನ ಕಾಗದ, ಚಾಸಿ ನಂಬರ್ ಎರಡನ್ನೂ ಎದುರಿಗಿಟ್ಟು ತಾಳೆ ನೋಡಿ. 15 ವರ್ಷ ದಾಟಿದ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಲು ಯೋಗ್ಯವೇ ಎಂಬ ತಪಾಸಣೆ) ಮಾಡಿಸಿ ನವೀಕರಿಸಬೇಕು. ಅದು ಚಾಲ್ತಿಯಲ್ಲಿ ಇಲ್ಲದಿದ್ದರೆ ಮುಂಗಡ ಕೊಡಬೇಡಿ.