ಹೊಸ ಸ್ಪೋರ್ಟ್ಸ್ ಬೈಕು, 3,400 ಕಿಲೋಮೀಟರ್‌ಗೇ ಕ್ಲಚ್ ಪ್ಲೇಟ್ ಸುಟ್ಟೋಯ್ತು: ನನ್ನ ವಾರಂಟಿ ಅನುಭವ

ಕಳೆದ ವರ್ಷ ಆಯುಧಪೂಜೆಗೆ ಎರಡು ದಿನ ಮುಂಚೆ ಗಾಡಿ ಮನೆಗೆ ಬಂತು. ಮುನ್ನೂರು ಚಿಲ್ಲರೆ ಸಿಸಿ, ಸಿಂಗಲ್ ಸಿಲಿಂಡರ್, ಆರು ಗೇರು, ಫುಲ್ ಫೇರಿಂಗ್, ಆನ್ ರೋಡ್ 3 ಲಕ್ಷ 60 ಸಾವಿರ. ಐದು ವರ್ಷ ದುಡ್ಡು ಕೂಡಿಟ್ಟು ತಗೊಂಡ ಗಾಡಿ ಇದು, ಅಮ್ಮ ನಿಂಬೆಹಣ್ಣು ಇಟ್ಟು ಕುಂಬಳಕಾಯಿ ಒಡೆದು ಕಳಿಸಿದ್ರು. ಕಂಪನಿ ಹೆಸರಾಗ್ಲಿ ಶೋರೂಂ ಹೆಸರಾಗ್ಲಿ ಇಲ್ಲಿ ಹಾಕ್ತಿಲ್ಲ, ಯಾಕಂದ್ರೆ ನನಗಾಗಿದ್ದು ಕೇಬಲ್ ಕ್ಲಚ್ ಇರೋ ಯಾವ ಗಾಡಿಗೆ ಬೇಕಾದ್ರೂ ಆಗಬಹುದು. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಹೊಸ ಗಾಡಿ ತಗೊಂಡು ಗೇರ್ ಸರಿ ಬೀಳ್ತಿಲ್ಲ ಅಂತ ಒದ್ದಾಡ್ತಿರೋರು ಪೂರ್ತಿ ಓದಿ ಪ್ಲೀಸ್.

ಮೊದಲು ಗಾಡಿ ಬಗ್ಗೆ ಒಳ್ಳೇ ಮಾತು ಹೇಳಿಬಿಡ್ತೀನಿ. ಇಂಜಿನ್ ಸೂಪರ್, ಬ್ರೇಕ್ ಸೂಪರ್, ಕಾರ್ನರಿಂಗ್‌ನಲ್ಲಿ ನಂಬಿಕೆ ಕೊಡುತ್ತೆ, ಭಾನುವಾರ ಬೆಳಿಗ್ಗೆ ಕನಕಪುರ ರೋಡಲ್ಲಿ ಹಾರೋಹಳ್ಳಿ ಕಡೆ ಹೋದ್ರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ ಅನ್ಸುತ್ತೆ. ಅಸಿಸ್ಟ್ ಸ್ಲಿಪ್ಪರ್ ಕ್ಲಚ್ ಇರೋದ್ರಿಂದ ಲಿವರ್ ಎರಡು ಬೆರಳಲ್ಲಿ ಹಿಡಿಯೋಷ್ಟು ಹಗುರ, ಸ್ಪೀಡಲ್ಲಿ ಗೇರ್ ಇಳಿಸಿದ್ರೂ ಹಿಂದಿನ ಚಕ್ರ ಕುಣಿಯಲ್ಲ. ಗಾಡಿಗೆ ಐದಕ್ಕೆ ನಾಲ್ಕು ಕೊಡ್ತೀನಿ. ಸರ್ವಿಸ್‌ಗೆ ಐದಕ್ಕೆ ಎರಡು, ಅದೂ ಕೊನೇಲಿ ಸಿಕ್ಕಿದ ಒಬ್ಬ ಸೀನಿಯರ್ ಟೆಕ್ನಿಷಿಯನ್‌ಗೋಸ್ಕರ.

ಸಮಸ್ಯೆ ಶುರುವಾಗಿದ್ದು 600 ಕಿಲೋಮೀಟರ್ ಆಸುಪಾಸಲ್ಲಿ. ನಮ್ಮನೆ ಬನಶಂಕರಿ, ಆಫೀಸ್ ಬೆಳ್ಳಂದೂರು, ಅಂದ್ರೆ ದಿನಾ ಸಿಲ್ಕ್ ಬೋರ್ಡ್, ಅಗರ, ಇಬ್ಬಲೂರು ಎಲ್ಲಾ ದಾಟ್ಕೊಂಡೇ ಹೋಗ್ಬೇಕು. ಮನೆ ಬಿಟ್ಟಾಗ ಗೇರ್ ಬೆಣ್ಣೆ ಥರ ಬೀಳೋದು, ಇಪ್ಪತ್ತು ನಿಮಿಷ ಟ್ರಾಫಿಕ್‌ನಲ್ಲಿ ನಿಂತು ನಿಂತು ಇಂಜಿನ್ ತಣಿಸೋ ಫ್ಯಾನ್ ಆನ್ ಆಯ್ತು ಅಂದ್ರೆ ಮುಗೀತು, ಸಿಗ್ನಲ್‌ನಲ್ಲಿ ನ್ಯೂಟ್ರಲ್ ಸಿಗೋದೇ ಇಲ್ಲ, ಫಸ್ಟಿಂದ ಸೆಕೆಂಡಿಗೆ ಹೋಗುತ್ತೆ ಸೆಕೆಂಡಿಂದ ಫಸ್ಟಿಗೆ ಬರುತ್ತೆ, ಮಧ್ಯದಲ್ಲಿರೋ ಹಸಿರು ದೀಪ ಹತ್ತಲ್ಲ. ಲಿವರ್ ಪೂರ್ತಿ ಒತ್ತಿ ಹಿಡ್ಕೊಂಡಿದ್ರೂ ಗಾಡಿ ಮೆಲ್ಲಗೆ ಮುಂದಕ್ಕೆ ಎಳೀತಿತ್ತು. ಒಂದಿನ ಅಗರ ಸಿಗ್ನಲ್‌ನಲ್ಲಿ ಮುಂದೆ ನಿಂತಿದ್ದ ಆಟೋಗೆ ಒಂದು ಗೇಣು ದೂರದಲ್ಲಿ ಬ್ರೇಕ್ ಹಿಡ್ಕೊಂಡು ನಿಂತಿದ್ದೀನಿ, ಆಟೋದವ್ರು ತಿರುಗಿ ನೋಡಿ "ಏನ್ ಗುರು, ಒಳಗೇ ನುಗ್ಗುಸ್ತೀಯಾ" ಅಂದ್ರು. ಇಂಜಿನ್ ಆಫ್ ಮಾಡಿದ ತಕ್ಷಣ ನ್ಯೂಟ್ರಲ್ ಸಿಗೋದು. ಇದನ್ನ ನೆನಪಿಟ್ಕೊಳ್ಳಿ. ಇಂಜಿನ್ ಓಡ್ತಿದ್ದಾಗ ಸಿಗದೆ, ಆಫ್ ಮಾಡಿದ್ರೆ ಸಿಗುತ್ತೆ ಅಂದ್ರೆ ಮೊದಲು ಅನುಮಾನ ಪಡಬೇಕಾಗಿರೋದು ಕ್ಲಚ್ ಮೇಲೆ, ಪ್ಲೇಟ್‌ಗಳು ಪೂರ್ತಿ ಬಿಡ್ತಿಲ್ಲ ಅಂತ. ಗೇರ್‌ಬಾಕ್ಸ್ ಆಮೇಲೆ.

ಫಸ್ಟ್ ಸರ್ವಿಸ್ 1,000 ಕಿಲೋಮೀಟರ್‌ಗೆ ಕೊಟ್ಟೆ, ಬಾಯಲ್ಲಿ ಹೇಳ್ದೆ. ಅಡ್ವೈಸರ್ ಒಂದು ರೌಂಡ್ ಹೊಡೆದು ಬಂದು "ಹೊಸ ಗಾಡಿ ಅಲ್ವಾ ಸರ್, ಗೇರೆಲ್ಲಾ ಸೆಟ್ ಆಗ್ಬೇಕು, 2,000 ಆದ್ಮೇಲೆ ಸರಿ ಹೋಗುತ್ತೆ" ಅಂದ್ರು. ಅವ್ರು ರೌಂಡ್ ಹೊಡೆದಿದ್ದು ಬೆಳಿಗ್ಗೆ ಒಂಬತ್ತೂವರೆಗೆ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಗಾಡೀಲಿ, ಖಾಲಿ ಕ್ರಾಸ್ ರೋಡಲ್ಲಿ ನಾನೂರು ಮೀಟರ್. ಅದರಲ್ಲಿ ನನ್ನ ಕಂಪ್ಲೇಂಟ್ ಹೇಗೆ ಕಾಣ್ಸುತ್ತೆ ಹೇಳಿ? ಕಂಪ್ಲೇಂಟು, ಮಾಡಿದ ಕೆಲಸ ಬರೆಯೋ ಜಾಬ್ ಕಾರ್ಡ್‌ನಲ್ಲಿ "ಜನರಲ್ ಚೆಕಪ್" ಅಂತ ಬರೆದ್ರು, ನಾನೂ ಸೈನ್ ಹಾಕಿ ಬಂದೆ. ಅಲ್ಲಿ ನಾನು ತಪ್ಪು ಮಾಡ್ದೆ, ಕಂಪ್ಲೇಂಟನ್ನ ನನ್ನ ಮಾತಲ್ಲೇ ಬರೆಸ್ಬೇಕಿತ್ತು.

1,850ಕ್ಕೆ ಮತ್ತೆ ಹೋದೆ. ಈ ಸಲ "ಇಂಜಿನ್ ಬಿಸಿಯಾದಾಗ ನ್ಯೂಟ್ರಲ್ ಸಿಗಲ್ಲ, ಕ್ಲಚ್ ಒತ್ತಿದ್ರೂ ಗಾಡಿ ಮುಂದೆ ಹೋಗುತ್ತೆ" ಅಂತ ಅಕ್ಷರ ಬಿಡದೆ ಬರೆಸ್ದೆ. ಒಬ್ಬ ಹುಡುಗ ಬಂದು ಹತ್ತು ನಿಮಿಷದಲ್ಲಿ ಲಿವರ್ ಹತ್ರ ಇರೋ ಅಡ್ಜಸ್ಟರ್ ತಿರುಗಿಸಿ ಟೈಟ್ ಮಾಡ್ದ. "ನೋಡಿ ಸರ್ ಈಗ" ಅಂದ. ನಿಜವಾಗ್ಲೂ ನ್ಯೂಟ್ರಲ್ ಟಕ್ ಅಂತ ಬಂತು. ಜಾಬ್ ಕಾರ್ಡ್‌ನಲ್ಲಿ "ಕ್ಲಚ್ ಕೇಬಲ್ ಅಡ್ಜಸ್ಟೆಡ್" ಅಂತ ತಾರೀಖು, ಕಿಲೋಮೀಟರ್ ಸಮೇತ ಪ್ರಿಂಟ್ ಆಯ್ತು. ಖುಷಿಯಾಗಿ ಮನೆಗೆ ಬಂದೆ, ಅವತ್ತು ಆ ಹಾಳೆ ಎಸೆಯದೆ ಇಟ್ಕೊಂಡಿದ್ದೇ ಪುಣ್ಯ.

ಒಂದು ತಿಂಗಳು ಆರಾಮಾಗಿತ್ತು. ಆಮೇಲೆ ಬೇರೆ ಥರದ ಕಾಟ ಶುರುವಾಯ್ತು. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆ ಹೋಗೋ ಡಬಲ್ ಡೆಕ್ಕರ್ ಫ್ಲೈಓವರ್ ಇದ್ಯಲ್ಲ, ಮೇಲೆ ಮೆಟ್ರೋ ಹೋಗುತ್ತಲ್ಲ ಅದು, ಅದನ್ನ ಹತ್ತುವಾಗ ನಾಲ್ಕನೇ ಗೇರಲ್ಲಿ ಆಕ್ಸಿಲರೇಟರ್ ತಿರುಗಿಸಿದ್ರೆ ಆರ್‌ಪಿಎಂ ಮುಳ್ಳು ಸುಯ್ ಅಂತ ಮೇಲೇರುತ್ತೆ, ಸ್ಪೀಡು ಮಾತ್ರ ಇದ್ದಲ್ಲೇ ಇರುತ್ತೆ, ಹಿಂದಿಂದ ಕಾರ್‌ನೋರು ಹಾರ್ನ್ ಹೊಡೀತಿದ್ದಾರೆ, ಗಾಡಿ ಎಳೀತಾ ಇಲ್ಲ, ಎಡಗಡೆಗೆ ಸರ್ಕೊಳ್ಳೋಷ್ಟರಲ್ಲಿ ಜೀವ ಬಾಯಿಗೆ ಬಂತು. ಕೆಳಗಿಳಿದು ಸೈಡ್‌ಗೆ ಹಾಕಿದ್ರೆ ಇಂಜಿನ್ ಹತ್ರ ಸುಟ್ಟ ವಾಸನೆ. ಅವಾಗ ಮೀಟರ್‌ನಲ್ಲಿ 3,100.

ಭಾನುವಾರ ನಮ್ಮ ಏರಿಯಾ ಮೆಕ್ಯಾನಿಕ್ ಅಣ್ಣನ ಹತ್ರ ತಗೊಂಡೋದೆ. ವಾರಂಟಿ ಇರೋ ಗಾಡಿ ಅಂತ ಅವ್ರು ಒಂದು ಬೋಲ್ಟೂ ಮುಟ್ಟಲಿಲ್ಲ, ಹೊರಗಡೆ ಬಿಚ್ಚಿದ್ರೆ ಕಂಪನಿಯೋರು ಅದೇ ನೆಪ ಹೇಳ್ತಾರೆ ಅಂತ ಅವ್ರಿಗೆ ಗೊತ್ತು. ಬರೀ ಒಂದು ಬೆರಳಿಂದ ಕ್ಲಚ್ ಲಿವರ್ ತುದೀನ ಹಿಂದೆ ಮುಂದೆ ಆಡಿಸಿದ್ರು. ಆಡಿಸಿದ್ರು ಅನ್ನೋಕೂ ಆಗಲ್ಲ, ಅದು ಆಡ್ಲೇ ಇಲ್ಲ. "ನೋಡಪ್ಪಾ, ಇದಕ್ಕೆ ಆಟನೇ ಇಲ್ಲ. ನೀನು ಕೈ ಬಿಟ್ಟಿದ್ರೂ ಇದು ಅರ್ಧ ಕ್ಲಚ್ ಹಿಡ್ದಂಗೇ ಲೆಕ್ಕ" ಅಂದ್ರು. ಅವ್ರ ಗಾಡಿ ಲಿವರ್ ತೋರಿಸಿದ್ರು, ತುದಿ ಹತ್ರ ಒಂದು ಬೆರಳಗಲ ಸುಮ್ನೆ ಆಡುತ್ತೆ, ಆಮೇಲೆ ಕೇಬಲ್ ಬಿಗಿಯಾಗುತ್ತೆ. ಮನೆಗೆ ಬಂದು ಮ್ಯಾನುಯಲ್ ತೆಗೆದು ನೋಡಿದ್ರೆ ನನ್ನ ಗಾಡಿಗೆ ಲಿವರ್ ತುದೀಲಿ 10ರಿಂದ 15 ಮಿಲಿಮೀಟರ್ ಫ್ರೀ ಪ್ಲೇ, ಅಂದ್ರೆ ಅಣ್ಣ ಹೇಳಿದ ಆ ಆಟ, ಇರ್ಬೇಕು ಅಂತ ಚಿತ್ರ ಸಮೇತ ಇದೆ. ತಂಗಿ ಮಗನ ಜಾಮಿಟ್ರಿ ಬಾಕ್ಸಿಂದ ಸ್ಕೇಲ್ ತಗೊಂಡು ಅಳೆದೆ, ಒಂದು ಮಿಲಿಮೀಟರೂ ಇಲ್ಲ. ಸ್ಕೇಲ್ ಇಟ್ಟು ವಿಡಿಯೋ ಮಾಡ್ದೆ, ಮೀಟರ್ ಕಾಣೋ ಹಂಗೆ.

ಅಣ್ಣ ಬಿಡಿಸಿ ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಹೇಳ್ತೀನಿ. ಕ್ಲಚ್ ಒಳಗೆ ತಟ್ಟೆ ಜೋಡಿಸಿದಂಗೆ ಪ್ಲೇಟ್‌ಗಳಿರ್ತವೆ, ಒಂದು ಫ್ರಿಕ್ಷನ್ ಪ್ಲೇಟು ಒಂದು ಸ್ಟೀಲ್ ಪ್ಲೇಟು ಹಿಂಗೆ, ಎಲ್ಲಾ ಇಂಜಿನ್ ಆಯಿಲ್ ಒಳಗೇ ಮುಳುಗಿರ್ತವೆ. ಸ್ಪ್ರಿಂಗ್ ಅವನ್ನ ಒತ್ತಿ ಹಿಡ್ಕೊಂಡಿರುತ್ತೆ, ನಾವು ಲಿವರ್ ಎಳೆದಾಗ ಬಿಡ್ತವೆ. ಫ್ರೀ ಪ್ಲೇ ಜಾಸ್ತಿ ಇದ್ರೆ ಲಿವರ್ ಪೂರ್ತಿ ಎಳೆದ್ರೂ ಪ್ಲೇಟ್ ಪೂರ್ತಿ ಬಿಡಲ್ಲ, ಗಾಡಿ ಎಳೆಯುತ್ತೆ, ನ್ಯೂಟ್ರಲ್ ಸಿಗಲ್ಲ. ನನ್ನ ಮೊದಲನೇ ಕಾಟ ಇದು, ಹೊಸ ಕೇಬಲ್ ಸ್ವಲ್ಪ ಎಳೆದ್ಕೊಂಡು ಲೂಸ್ ಆಗೋದು ಮಾಮೂಲಿ ಅಂತೆ. ಫ್ರೀ ಪ್ಲೇ ಸೊನ್ನೆ ಆದ್ರೆ ಉಲ್ಟಾ, ಲಿವರ್ ಬಿಟ್ಟಿದ್ರೂ ಸ್ಪ್ರಿಂಗ್ ಪೂರ್ತಿ ಒತ್ತಲ್ಲ, ಪ್ಲೇಟ್‌ಗಳು ಒಂದರ ಮೇಲೊಂದು ಜಾರಿ ಜಾರಿ ಬಿಸಿಯಾಗಿ ಸುಡ್ತವೆ. ಅದು ನನ್ನ ಎರಡನೇ ಕಾಟ. ಜೊತೆಗೆ ಫ್ರಿಕ್ಷನ್ ಪ್ಲೇಟ್ ಸವೆದಷ್ಟೂ ಇಂಥ ಕ್ಲಚ್‌ನಲ್ಲಿ ಫ್ರೀ ಪ್ಲೇ ಇನ್ನೂ ಕಮ್ಮಿ ಆಗ್ತಾ ಹೋಗುತ್ತಂತೆ, ಅದಕ್ಕೇ ಒಂದು ಸಲ ಸೊನ್ನೆಗೆ ಟೈಟ್ ಮಾಡಿಬಿಟ್ರೆ ತಾನಾಗೇ ಸರಿಹೋಗಲ್ಲ, ಕೆಡ್ತಾನೇ ಹೋಗುತ್ತೆ. ಆ ಹುಡುಗ ನ್ಯೂಟ್ರಲ್ ಸಿಗ್ಲಿ ಅಂತ ಎಷ್ಟು ಬರುತ್ತೋ ಅಷ್ಟೂ ಬಿಗಿ ಮಾಡಿಬಿಟ್ಟಿದ್ದ, ಅಳತೆ ನೋಡಿರ್ಲಿಲ್ಲ.

3,400ಕ್ಕೆ ಗಾಡಿ ಮತ್ತೆ ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಸಂಜೆ ಫೋನ್ ಬಂತು. ಬಿಚ್ಚಿ ನೋಡಿದ್ದಾರೆ, ಕ್ಲಚ್ ಪ್ಲೇಟ್ ಸುಟ್ಟಿದೆ, ಕ್ಲಚ್ ಪ್ಲೇಟ್ ಅನ್ನೋದು ಸವೆಯೋ ಪಾರ್ಟ್ ಆಗಿರೋದ್ರಿಂದ ವಾರಂಟಿ ಬರಲ್ಲ, ಪ್ಲೇಟು ಆಯಿಲು ಗ್ಯಾಸ್ಕೆಟ್ಟು ಲೇಬರು ಎಲ್ಲಾ ಸೇರಿ 11,800 ಆಗುತ್ತೆ, ನೀವು ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಜಾಸ್ತಿ ಹಿಡೀತೀರ ಅಂದ್ರು. ಹೊಟ್ಟೆ ಉರಿದೋಯ್ತು ನನಗೆ. ಹತ್ತು ವರ್ಷ ಇದೇ ಬೆಂಗಳೂರಲ್ಲಿ ಇದೇ ಟ್ರಾಫಿಕ್‌ನಲ್ಲಿ ಹಳೇ 150 ಸಿಸಿ ಗಾಡಿ ಓಡಿಸಿದ್ದೀನಿ, 40 ಸಾವಿರ ಕಿಲೋಮೀಟರ್ ಆದ್ಮೇಲೆ ಅದರ ಕ್ಲಚ್ ಪ್ಲೇಟ್ ಹಾಕಿಸಿದ್ದು. ಆದ್ರೆ ಫೋನಲ್ಲಿ ಜಗಳ ಆಡ್ಲಿಲ್ಲ. ಒಂದೇ ಮಾತು ಕೇಳ್ದೆ, "ಸುಟ್ಟಿರೋ ಪ್ಲೇಟ್ ಎಸೀಬೇಡಿ, ನಾಳೆ ನಾನು ಬರ್ತೀನಿ".

ಮಾರನೇ ದಿನ ಹೋದ್ರೆ ಟ್ರೇನಲ್ಲಿ ಇಟ್ಟಿದ್ರು. ಸ್ಟೀಲ್ ಪ್ಲೇಟ್ ಮೇಲೆ ನೀಲಿ ನೇರಳೆ ಬಣ್ಣದ ಮಚ್ಚೆಗಳು, ದೋಸೆ ಹೆಂಚು ಬೆಂದಂಗೆ. ಅಲ್ಲೇ ಒಬ್ಬ ಸೀನಿಯರ್ ಟೆಕ್ನಿಷಿಯನ್ ಇದ್ರು, ವಯಸ್ಸು ಐವತ್ತರ ಹತ್ರ. ಅವ್ರು ಒಂದು ಪ್ಲೇಟ್ ತಗೊಂಡು ಮಟ್ಟವಾಗಿರೋ ಗಾಜಿನ ಮೇಲಿಟ್ಟು ಫೀಲರ್ ಗೇಜ್ ಪಟ್ಟಿ (ಸಂದು ಅಳೆಯೋ ತೆಳ್ಳನೆ ಲೋಹದ ಪಟ್ಟಿ) ಕೆಳಗಿಂದ ತೂರಿಸಿದ್ರು, ಸಲೀಸಾಗಿ ತೂರ್ತು. ಸೊಟ್ಟ ಆಗಿತ್ತು. ನಾನು ಜಾಬ್ ಕಾರ್ಡು, ವಿಡಿಯೋ, ಮ್ಯಾನುಯಲ್ ಪೇಜು ಮೂರೂ ಮುಂದಿಟ್ಟು "ಸರ್, 1,850ಕ್ಕೆ ನಿಮ್ಮಲ್ಲೇ ಅಡ್ಜಸ್ಟ್ ಆಗಿದೆ, ಆಮೇಲೆ ಯಾರೂ ಮುಟ್ಟಿಲ್ಲ, 3,100ಕ್ಕೆ ಪ್ಲೇ ಸೊನ್ನೆ ಇದೆ, ನೀವೇ ಹೇಳಿ" ಅಂದೆ. ಅವ್ರು ಸುಮಾರು ಹೊತ್ತು ಜಾಬ್ ಕಾರ್ಡನ್ನೇ ನೋಡಿದ್ರು. ಆಮೇಲೆ ಅಡ್ವೈಸರ್ ಕಡೆ ತಿರುಗಿ, ನನ್ನ ಎದುರಿಗೇ, "ಇದು ಕಸ್ಟಮರ್ ತಪ್ಪಲ್ಲ, ನಮ್ಮ ಸೆಟ್ಟಿಂಗ್ ತಪ್ಪು" ಅಂದ್ರು. ಆ ಒಂದು ಮಾತಿಗೆ ನಾನು ಅವ್ರಿಗೆ ಋಣಿ, ಯಾಕಂದ್ರೆ ಅದನ್ನ ಹೇಳಿದ್ರಿಂದ ಅವ್ರಿಗೇನೂ ಲಾಭ ಇರ್ಲಿಲ್ಲ.

ಅಷ್ಟಾದ್ರೂ ಮ್ಯಾನೇಜರ್ ಒಪ್ಲಿಲ್ಲ, ಕಂಪನಿ ಅಪ್ರೂವಲ್ ಬೇಕು ಅಂತ ಎಳೆದಾಡಿಸಿದ್ರು. ಆರು ದಿನ ಫೋನ್ ಮಾಡಿದ್ದೇ ಮಾಡಿದ್ದು. ನಮ್ಮ ಭಾವ ಲಾಯರ್ ಆಫೀಸಲ್ಲಿ ಕೆಲಸ ಮಾಡ್ತಾರೆ, ಅವ್ರು ಹೇಳಿದಂಗೆ ಕಂಪನಿ ಕಸ್ಟಮರ್ ಕೇರ್‌ಗೂ ಶೋರೂಂಗೂ ಒಂದೇ ಇಮೇಲ್ ಹಾಕ್ದೆ, ಬೈಗುಳ ಇಲ್ಲ, ತಾರೀಖು, ಕಿಲೋಮೀಟರು, ಜಾಬ್ ಕಾರ್ಡ್ ನಂಬರು, ಫೋಟೋ ಅಷ್ಟೇ. ಕೊನೇ ಸಾಲಲ್ಲಿ ಏಳು ದಿನದೊಳಗೆ ಉತ್ತರ ಬರದೇ ಇದ್ರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ತೀನಿ ಅಂತ ಬರೆದೆ. ಗೊತ್ತಿಲ್ದೆ ಇರೋರಿಗೆ ಹೇಳ್ತೀನಿ, ಕೊಟ್ಟಿರೋ ಬೆಲೆ 5 ಲಕ್ಷದೊಳಗೆ ಇದ್ರೆ ಜಿಲ್ಲಾ ಆಯೋಗದಲ್ಲಿ ಕಂಪ್ಲೇಂಟ್‌ಗೆ ಫೀಸ್ ಇಲ್ಲ, ತೊಂದರೆ ಆದ ಎರಡು ವರ್ಷದೊಳಗೆ ಹಾಕ್ಬೇಕು, ವಕೀಲರೇ ಬೇಕು ಅಂತಿಲ್ಲ, ಅದಕ್ಕೂ ಮುಂಚೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ನಾನು 1915ಕ್ಕೂ ಮಾಡಿದ್ದೆ. ಇಮೇಲ್ ಹಾಕಿ ನಾಲ್ಕನೇ ದಿನಕ್ಕೆ ಅಪ್ರೂವಲ್ ಬಂತು, ಪೂರ್ತಿ ಪ್ಲೇಟ್ ಸೆಟ್ಟು, ಸ್ಪ್ರಿಂಗು, ಕೇಬಲ್ಲು, ಆಯಿಲ್ಲು ಎಲ್ಲಾ ವಾರಂಟಿಯಲ್ಲಿ. ಒಟ್ಟು 12 ದಿನ ಗಾಡಿ ಅಲ್ಲೇ ಇತ್ತು, ನಾನು ಬಸ್ಸಲ್ಲಿ ಓಡಾಡ್ದೆ.

ಡೆಲಿವರಿ ದಿನ ಗಾಡಿ ಈಸ್ಕೊಳ್ಳೋಕೆ ಮುಂಚೆ ಒಂದು ಕಂಡೀಷನ್ ಹಾಕ್ದೆ, ತಣ್ಣಗಿರೋ ಗಾಡಿ ನಂಗೆ ತೋರಿಸ್ಬೇಡಿ ಅಂತ. ಆ ಸೀನಿಯರ್ರೇ ಓಡಿಸಿದ್ರು, ನಾನು ಹಿಂದೆ ಕೂತೆ, ಸಂಜೆ ಆರೂವರೆ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ. ಫ್ಯಾನ್ ಮೂರು ಸಲ ಆನ್ ಆಯ್ತು. ಪ್ರತಿ ಸಿಗ್ನಲ್‌ನಲ್ಲೂ ಅವ್ರು ನ್ಯೂಟ್ರಲ್ ಹಾಕಿ ಎರಡೂ ಕೈ ಬಿಟ್ಟು ತೋರಿಸಿದ್ರು. ವಾಪಸ್ ಬಂದು ಬಿಸಿ ಇಂಜಿನ್ ಮೇಲೇ ಫ್ರೀ ಪ್ಲೇ ಅಳೆದು 12 ಅಂತ ಜಾಬ್ ಕಾರ್ಡ್‌ನಲ್ಲಿ ಕೈಯಲ್ಲೇ ಬರೆದು ಸೈನ್ ಹಾಕಿದ್ರು. ಆಯಿಲ್ ಡಬ್ಬಾ ಮೇಲೆ ಜಾಸೋ ಎಂಎ2 (ಆಯಿಲಲ್ಲಿ ಮುಳುಗಿರೋ ಕ್ಲಚ್ ಇರೋ ಬೈಕುಗಳ ಆಯಿಲ್ ಗುರುತು) ಅಂತ ಇರೋದನ್ನೂ ಅವ್ರೇ ತೋರಿಸಿದ್ರು. ಕಾರ್ ಆಯಿಲ್ ಇಂಥ ಕ್ಲಚ್‌ಗೆ ಹಾಕಿದ್ರೆ ಅದರಲ್ಲಿರೋ ಜಾರಿಕೆ ಕೆಮಿಕಲ್‌ನಿಂದ ಪ್ಲೇಟ್ ಜಾರಬಹುದು, ಎಂಬಿ ಅಂತ ಇರೋದು ಸ್ಕೂಟರ್‌ಗಳಿಗೆ, ಅದೂ ಇದಕ್ಕೆ ಬೇಡ ಅಂದ್ರು.

ಈಗ ಮೀಟರ್ 6,200. ಜಾರೋದು, ಎಳೆಯೋದು ಎರಡೂ ಇಲ್ಲ. ಹದಿನೈದು ದಿನಕ್ಕೊಂದ್ಸಲ ಸ್ಕೇಲ್ ಇಟ್ಟು ಅಳೀತೀನಿ, ಹೋದ ವಾರ 11 ಇತ್ತು. ಒಂದೇ ಒಂದು ಉಳ್ಕೊಂಡಿದೆ, ಐದರಿಂದ ಆರಕ್ಕೆ ಹಾಕುವಾಗ ವಾರದಲ್ಲಿ ಒಂದ್ಸಲ ಗೇರ್ ಮಧ್ಯದಲ್ಲಿ ಸಿಕ್ಕಾಕ್ಕೊಂಡು ಇಂಜಿನ್ ಖಾಲಿ ಕಿರುಚುತ್ತೆ, ಫಾಲ್ಸ್ ನ್ಯೂಟ್ರಲ್. ಗೇರ್ ಲಿವರ್ ನನ್ನ ಬೂಟಿಗೆ ಸ್ವಲ್ಪ ಕೆಳಗಿತ್ತು, ಲಿಂಕೇಜ್ ರಾಡ್‌ನಲ್ಲಿ ಮೇಲೆ ಮಾಡಿಸಿದ್ಮೇಲೆ ಪಾದ ಪೂರ್ತಿ ಎತ್ತೋಕೆ ಆಗ್ತಿದೆ, ಮುಕ್ಕಾಲು ಭಾಗ ಕಮ್ಮಿ ಆಗಿದೆ, ಆದ್ರೆ ಪೂರ್ತಿ ಹೋಗಿಲ್ಲ. ಮುಂದಿನ ತಿಂಗಳು ಸರ್ವಿಸ್ ಇದೆ. ಗೇರ್ ಬದಲಿಸುವಾಗ ಒಳಗೆ ಗೇರನ್ನ ಸರಿಸೋ ಶಿಫ್ಟ್ ಫೋರ್ಕ್ ಚೆಕ್ ಮಾಡಿ ಅಂತ ಈಗ್ಲೇ ಇಮೇಲ್ ಹಾಕಿದ್ದೀನಿ, ಅದೇ ಸೀನಿಯರ್ ಇರೋ ದಿನಕ್ಕೇ ಬುಕ್ ಮಾಡಿದ್ದೀನಿ, ಬಿಚ್ಚಿದ್ಮೇಲೆ ಏನಿತ್ತು ಅಂತ ಇಲ್ಲೇ ಬರೀತೀನಿ.