ಅಂಗಳದ ತೋಟಕ್ಕೆ ಹನಿ ನೀರಾವರಿ ಕಿಟ್: ಬಳಸಿ ನೋಡಿದ ಮೇಲೆ

ಮನೆಯಂಗಳದ ಹೂಪಾತಿಗಳಿಗೆ ನಾವೇ ಜೋಡಿಸಿಕೊಳ್ಳಬಹುದಾದ ಈ ಕಿಟ್‌ನಲ್ಲಿ 16 ಮಿ.ಮೀ. ಮುಖ್ಯ ಪೈಪು, 4 ಮಿ.ಮೀ. ಕಿರುಪೈಪುಗಳು, ಗಂಟೆಗೆ 2 ಲೀಟರ್ ನೀರು ಬಿಡುವ ಡ್ರಿಪ್ಪರ್‌ಗಳು ಮತ್ತು ತೂತು ಕೊರೆಯುವ ಪಂಚ್ ಇವೆ. ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅದ್ದಿ ಮೆದುಗೊಳಿಸಿದರೆ ಕನೆಕ್ಟರ್‌ಗಳು ಸಲೀಸಾಗಿ ಕೂರುತ್ತವೆ ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ಬೆರಳು ನೊಂದ ಮೇಲೆ ನಾನೇ ಕಂಡುಕೊಂಡೆ. ನೀರು ನೇರವಾಗಿ ಗಿಡದ ಬುಡಕ್ಕೆ ಇಳಿಯುವುದರಿಂದ ಎಲೆಗಳು ಒದ್ದೆಯಾಗದೆ ಶಿಲೀಂಧ್ರ ರೋಗಗಳ ಕಾಟ ತಗ್ಗುತ್ತದೆ, ಪಾತಿಗಳ ನಡುವಿನ ಒಣ ಮಣ್ಣಿನಲ್ಲಿ ಕಳೆಯೂ ಅಷ್ಟಾಗಿ ಏಳುವುದಿಲ್ಲ. ಆದರೆ ಫಿಲ್ಟರ್ ಕೊಡದಿರುವುದು ದೊಡ್ಡ ಕೊರತೆಯೇ ಸರಿ: ತೊಟ್ಟಿಯ ಪಾಚಿ ಮತ್ತು ಮರಳು ಸೇರಿಕೊಂಡು ಎರಡೇ ತಿಂಗಳಲ್ಲಿ ಹಲವು ಡ್ರಿಪ್ಪರ್‌ಗಳು ಕಟ್ಟಿಕೊಂಡವು, ಜಾಲರಿ ಫಿಲ್ಟರ್ ಒಂದನ್ನು ಬೇರೆಯಾಗಿ ಕೊಂಡು ಅಳವಡಿಸಿದ ಬಳಿಕವೇ ಹರಿವು ಸಮನಾಯಿತು. ಇಳಿಜಾರಾದ ಅಂಗಳಕ್ಕೆ ಮಾತ್ರ ಈ ಸಾಧಾರಣ ಡ್ರಿಪ್ಪರ್‌ಗಳು ಹೊಂದುವುದಿಲ್ಲ.