ಕುದುರೆಯಿಲ್ಲದ ಪಿಸ್ತೂಲುಗಳು: ಸೊಂಟದಲ್ಲಿಟ್ಟುಕೊಳ್ಳಲು ಯಾವುದು ಕ್ಷೇಮ?

ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ನೋಡಿ ಬೆಳೆದವರಿಗೆ ‘ಕುದುರೆ’ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಟ್ರಿಗರ್ ಎಳೆದಾಗ ಬಡಿದು ಗುಂಡು ಸಿಡಿಸುವ ಆ ಸುತ್ತಿಗೆ ಏರಿದೆಯೋ ಇಳಿದಿದೆಯೋ ಎಂಬುದನ್ನು ನಮ್ಮ ಅಜ್ಜ ಜಗಲಿಯ ಇನ್ನೊಂದು ತುದಿಯಿಂದಲೇ ನೋಡಿ ಹೇಳುತ್ತಿದ್ದರು. ನಾನೀಗ ನೆಲೆಸಿರುವ ಟೆಕ್ಸಾಸಿನಲ್ಲಿ ಜನ ಸೊಂಟದಲ್ಲಿಟ್ಟುಕೊಂಡು ಓಡಾಡುವ ಪಿಸ್ತೂಲುಗಳಲ್ಲಿ ಬಹುಪಾಲಿಗೆ ಆ ಕುದುರೆಯೇ ಇಲ್ಲ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡಿನ ಒಳಗೆ ಅಡಗಿರುವ ಸ್ಟ್ರೈಕರ್ ಎಂಬ ಕಡ್ಡಿ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಚಿಮ್ಮಿ, ತೋಟಾದ ಬುಡದಲ್ಲಿ ಬೆಂಕಿ ಹೊತ್ತಿಸುವ ಪ್ರೈಮರಿಗೆ ಬಡಿಯುತ್ತದೆ. ಆದ್ದರಿಂದ ಇಂಥ ಪಿಸ್ತೂಲನ್ನು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಎರಡೇ: ಯಾರೂ ಮುಟ್ಟದೆ ಇರುವಾಗ ಒಳಗಿನ ಸ್ಪ್ರಿಂಗ್ ಎಷ್ಟು ಬಿಗಿದುಕೊಂಡಿರುತ್ತದೆ, ಮತ್ತು ಅದನ್ನು ತಡೆದು ಹಿಡಿದಿರುವುದು ಯಾವುದು?

ಈ ದೃಷ್ಟಿಯಿಂದ ಮೂರು 9 ಎಂಎಂ ಪಿಸ್ತೂಲುಗಳನ್ನು, ಅಂದರೆ ಐದನೆಯ ತಲೆಮಾರಿನ ಗ್ಲಾಕ್ 19, ಸಿಗ್ ಸಾವರ್ ಪಿ320 ಕಾಂಪ್ಯಾಕ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ 2.0 ಕಾಂಪ್ಯಾಕ್ಟ್‌ಗಳನ್ನು ಬಳಸಿ, ಬಿಚ್ಚಿ ನೋಡಿದ್ದೇನೆ. ಇಲ್ಲಿ ಎಚ್-1ಬಿ ವೀಸಾದ ಮೇಲಿರುವ ಕನ್ನಡಿಗರಿಗೆ ಒಂದು ಮಾತು: ರಾಜ್ಯದ ಕಾನೂನು ಎಷ್ಟೇ ಸಡಿಲವಾಗಿದ್ದರೂ, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಮೆರಿಕದ ಫೆಡರಲ್ ಕಾನೂನು ನಿಮ್ಮ ಕೈಗೆ ಬಂದೂಕು ಕೊಡುವುದಿಲ್ಲ.

ಗ್ಲಾಕ್‌ನ ಮೂಲ ವಿನ್ಯಾಸ 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡದ್ದು. ಅದಕ್ಕೆ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ, ಅಂದರೆ ಗುಂಡು ಹಾರದಂತೆ ತಡೆಯುವ ಸನ್ನೆ, ಇಲ್ಲವೆಂದು ಹೊಸಬರು ಗಾಬರಿಯಾಗುವುದು ಸಹಜ. ಆದರೆ ಸ್ಲೈಡ್ ಬಿಚ್ಚಿ ಮೇಜಿನ ಮೇಲೆ ಮಗುಚಿಟ್ಟು, ಸ್ಟ್ರೈಕರಿನ ಬಾಲವನ್ನು ಬೆರಳಿನಿಂದ ಮುಂದಕ್ಕೆ ನೂಕಿ ನೋಡಿ. ಪಕ್ಕದ ಸಣ್ಣ ಗುಂಡಿಯಂಥ ಪ್ಲಂಜರನ್ನು ಅದುಮುವ ತನಕ ಅದು ಮುಂದೆ ಸಾಗಿ ತುದಿಯನ್ನು ಹೊರಗೆ ಚಾಚುವುದಿಲ್ಲ. ಹಿಡಿಯಿರುವ ಕೆಳಭಾಗವಾದ ಫ್ರೇಮಿನ ಕಡೆಗೆ ಬಂದರೆ, ಟ್ರಿಗರ್ ಪಟ್ಟಿಯ ಶಿಲುಬೆಯಾಕಾರದ ತುದಿ ಒಂದು ಅಂಚಿನ ಮೇಲೆ ಕುಳಿತಿರುತ್ತದೆ, ಮತ್ತು ಟ್ರಿಗರ್ ಸಾಕಷ್ಟು ಹಿಂದಕ್ಕೆ ಬರದೆ ಆ ತುದಿ ಕೆಳಗಿಳಿದು ಸ್ಟ್ರೈಕರನ್ನು ಬಿಡಲು ಸಾಧ್ಯವೇ ಇಲ್ಲ. ಟ್ರಿಗರಿನ ನಡುವಿನ ಪುಟ್ಟ ನಾಲಗೆ ಮೂರನೆಯ ತಡೆ: ಬೆರಳು ಅದನ್ನು ಒತ್ತದೆ ಟ್ರಿಗರ್ ಹಿಂದಕ್ಕೆ ಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಗ್ಲಾಕ್‌ನ ಸ್ಪ್ರಿಂಗ್ ಅರೆಬರೆ ಮಾತ್ರ ಬಿಗಿದಿರುತ್ತದೆ; ಉಳಿದ ಬಿಗುವನ್ನು ತುಂಬುವುದು ಸುಮಾರು 2.5 ಕಿಲೋ ಬಲದಿಂದ ಎಳೆಯುವ ನಮ್ಮ ಬೆರಳೇ. ಎಳೆತ ರಬ್ಬರಿನಂತೆ ಎಂದು ದೂರುವವರಿದ್ದಾರೆ, ದೂರು ಸುಳ್ಳೂ ಅಲ್ಲ. ನನ್ನ ದೂರು ಬೇರೆ: ಇದನ್ನು ಬಿಚ್ಚಬೇಕಾದರೆ ಮೊದಲು ಟ್ರಿಗರ್ ಎಳೆಯಲೇಬೇಕು. ಗುಂಡು ಕೂರುವ ಚೇಂಬರ್ ಖಾಲಿಯಾಗಿದೆ ಎಂದು ನಂಬಿ ಗೋಡೆಗೆ ಗುಂಡು ಹಾರಿಸಿದವರು ಈ ಊರಿನಲ್ಲಿ ಕಡಿಮೆಯಿಲ್ಲ. ನಾನಂತೂ ಗುಂಡುಗಳನ್ನು ತುಂಬಿಡುವ ಮ್ಯಾಗಜಿನ್ ತೆಗೆದು, ಸ್ಲೈಡ್ ಎಳೆದು, ಕಿರುಬೆರಳನ್ನು ಚೇಂಬರಿನೊಳಕ್ಕೆ ಹಾಕಿ ಖಾತರಿ ಮಾಡಿಕೊಂಡ ಮೇಲೆಯೇ ಮುಂದುವರಿಯುತ್ತೇನೆ.

2014ರಲ್ಲಿ ಬಂದ ಪಿ320 ಈ ಒಂದು ವಿಷಯದಲ್ಲಿ ಗ್ಲಾಕ್‌ಗಿಂತ ಜಾಣ. ಟ್ರಿಗರ್ ಮುಟ್ಟದೆ, ಪಕ್ಕದ ಸನ್ನೆಯನ್ನು ತಿರುಗಿಸಿ ಸ್ಲೈಡ್ ಕಳಚಬಹುದು. ಟ್ರಿಗರಿನ ಯಂತ್ರಭಾಗವೆಲ್ಲ ಒಂದೇ ಗಂಟಾಗಿ ಹೊರಗೆ ಬರುತ್ತದೆ. ಎಳೆತವೂ ಹಿತವಾಗಿದೆ. ಆದರೆ ಆ ಹಿತಕ್ಕೆ ಕಾರಣವೇ ನನ್ನ ಅಳುಕಿಗೂ ಕಾರಣ: ಇದರ ಸ್ಟ್ರೈಕರ್ ಮೊದಲೇ ಪೂರ್ತಿ ಬಿಗಿದು ನಿಂತಿರುತ್ತದೆ, ಟ್ರಿಗರ್ ಮಾಡುವ ಕೆಲಸ ಸ್ಟ್ರೈಕರನ್ನು ತಡೆದು ಹಿಡಿದಿರುವ ಸಿಯರ್ ಎಂಬ ಕೊಕ್ಕೆಯ ಹಿಡಿತವನ್ನು ಬಿಡಿಸುವುದಷ್ಟೇ. ಮೊದಮೊದಲ ಪಿಸ್ತೂಲುಗಳಲ್ಲಿ ಟ್ರಿಗರ್ ಭಾರವಾಗಿತ್ತು, ಅದರ ನಡುವೆ ಗ್ಲಾಕ್‌ನಂಥ ನಾಲಗೆ ಇರಲಿಲ್ಲ. ಹಿಂಬದಿ ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಡಿದಾಗ ಟ್ರಿಗರ್ ತನ್ನ ಭಾರದಿಂದಲೇ ಹಿಂದಕ್ಕೆ ಸರಿದು ಗುಂಡು ಹಾರಬಹುದೆಂದು 2017ರಲ್ಲಿ ಬಯಲಾಯಿತು. ಒಳಗೆ ಸ್ಟ್ರೈಕರ್ ತಡೆಯುವ ಸೇಫ್ಟಿ ಇದ್ದೂ ಅದೇಕೆ ಕಾಯಲಿಲ್ಲ ಎಂದರೆ, ಆ ಸೇಫ್ಟಿಯನ್ನು ಎತ್ತುವುದೂ ಟ್ರಿಗರೇ. ಕಾವಲುಗಾರನ ಬೀಗದ ಕೈ ಕಳ್ಳನ ಜೇಬಿನಲ್ಲೇ ಇದ್ದ ಹಾಗೆ. ಅದೇ ಆಗಸ್ಟಿನಲ್ಲಿ ಕಂಪನಿ ಹಗುರವಾದ ಟ್ರಿಗರ್, ಸಿಯರ್ ಮತ್ತು ಸ್ಟ್ರೈಕರ್‌ಗಳನ್ನು ಉಚಿತವಾಗಿ ಬದಲಿಸಿಕೊಡಲು ಶುರು ಮಾಡಿತು. ಬಿದ್ದರೆ ಹಾರುವ ದೋಷಕ್ಕೆ ಅದು ಸರಿಯಾದ ಪರಿಹಾರವೇ. ಟ್ರಿಗರ್ ಮುಟ್ಟದೆ ಗುಂಡು ಹಾರಿತು ಎಂಬ ಮೊಕದ್ದಮೆಗಳು ಮಾತ್ರ ನಿಂತಿಲ್ಲ. 2024ರ ನವೆಂಬರಿನಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಅಂಥ ಒಬ್ಬರಿಗೆ 1.1 ಕೋಟಿ ಡಾಲರ್ ಕೊಡಿಸುವ ತೀರ್ಪಿತ್ತಿತು, ಕಂಪನಿ ಆರೋಪವನ್ನು ಅಲ್ಲಗಳೆಯುತ್ತಲೇ ಇದೆ. ನಾನು ಗಮನಿಸುವುದು ಇಷ್ಟನ್ನೇ: 2017ರ ಜನವರಿಯಲ್ಲಿ ಇದೇ ವಿನ್ಯಾಸವನ್ನು ಎಂ17 ಎಂದು ಆರಿಸಿಕೊಂಡ ಅಮೆರಿಕದ ಸೇನೆ ಅದಕ್ಕೆ ಹೆಬ್ಬೆರಳ ಸೇಫ್ಟಿ ಇರಬೇಕೆಂದು ಪಟ್ಟು ಹಿಡಿದಿತ್ತು. ಅಂಗಡಿಯಲ್ಲಿ ಸಿಗುವ ಪಿ320ಗಳಲ್ಲಿ ಹೆಚ್ಚಿನವಕ್ಕೆ ಅದಿಲ್ಲ. ಕೊಳ್ಳಲೇಬೇಕೆಂದಿದ್ದರೆ ಅದಿರುವುದನ್ನೇ ಹುಡುಕಿ ಕೊಳ್ಳಿ.

ಎಂ ಅಂಡ್ ಪಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದರ ಸ್ಟ್ರೈಕರ್ ಕೂಡ ಬಹುತೇಕ ಪೂರ್ತಿಯಾಗಿ ಬಿಗಿದೇ ಇರುತ್ತದೆ, ಆದರೆ ಟ್ರಿಗರಿಗೆ ಮಧ್ಯದಲ್ಲಿ ಮಡಚುವ ಕೀಲು ಇರುವುದರಿಂದ ಅದು ತನ್ನ ಭಾರಕ್ಕೇ ಹಿಂದೆ ಸರಿಯಲಾರದು. ಸ್ಲೈಡನ್ನು ಹಿಂದಕ್ಕೆ ನಿಲ್ಲಿಸಿದಾಗ ಖಾಲಿ ತೋಟಾ ಹೊರಬೀಳುವ ಕಿಂಡಿಯಿಂದ ಒಳಗೆ ಕಾಣುವ ಸಣ್ಣ ಹಳದಿ ಸನ್ನೆಯನ್ನು ಕೆಳಗೆ ತಳ್ಳಿದರೆ ಟ್ರಿಗರ್ ಎಳೆಯದೆಯೂ ಬಿಚ್ಚಬಹುದು. ಹೆಬ್ಬೆರಳ ಸೇಫ್ಟಿ ಇರುವ ಮಾದರಿಯೂ ಸುಲಭವಾಗಿ ಸಿಗುತ್ತದೆ. ಹೊಸದಾಗಿ ಕಲಿಯುವವರಿಗೆ ನಾನು ಸೂಚಿಸುವುದು ಅದನ್ನೇ.

ಆದರೆ ಈ ಒಳಗಿನ ತಡೆಗಳೆಲ್ಲ ಟ್ರಿಗರ್ ಅಲುಗದಿರುವ ತನಕ ಮಾತ್ರ. ಕಳೆದ ಚಳಿಗಾಲದಲ್ಲಿ ಮನೆಯಲ್ಲಿ ಖಾಲಿ ಗ್ಲಾಕ್ ಇಟ್ಟುಕೊಂಡು ಅಭ್ಯಾಸ ಮಾಡುವಾಗ, ಜಾಕೆಟ್ಟಿನ ದಾರದ ತುದಿಯ ಪ್ಲಾಸ್ಟಿಕ್ ಗಂಟು ಪಿಸ್ತೂಲಿನ ಒರೆಯಾದ ಹೋಲ್‌ಸ್ಟರಿನ ಬಾಯಿಗೆ ಸಿಕ್ಕಿಕೊಂಡಿತು. ಅದು ಕಾಣದೆ ಪಿಸ್ತೂಲನ್ನು ಒಳಗೆ ಒತ್ತಿದಾಗ ‘ಟಕ್’ ಎಂದಿತು. ಗುಂಡಿದ್ದಿದ್ದರೆ ತೊಡೆಗೆ ಹೋಗುತ್ತಿತ್ತು. ಮರುದಿನವೇ ಆ ದಾರವನ್ನು ಕತ್ತರಿಸಿದೆ, ಬಟ್ಟೆಯ ಹೋಲ್‌ಸ್ಟರ್ ಎಸೆದು ಟ್ರಿಗರನ್ನು ಪೂರ್ತಿ ಮುಚ್ಚುವ ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದನ್ನು ತಂದೆ.

ಜೊತೆಗೆ ಗ್ಲಾಕ್‌ನ ಸ್ಲೈಡಿನ ಹಿಂದಿನ ಮುಚ್ಚಳ ತೆಗೆದು, ಅಲ್ಲಿ ಸ್ಟ್ರೈಕರ್ ಕಂಟ್ರೋಲ್ ಡಿವೈಸ್ ಎಂಬ ಕೀಲುಳ್ಳ ತಟ್ಟೆಯೊಂದನ್ನು ಕೂರಿಸಿಕೊಂಡಿದ್ದೇನೆ. ಟ್ರಿಗರಿಗೆ ಏನಾದರೂ ತಗುಲಿ ಸ್ಟ್ರೈಕರ್ ಹಿಂದಕ್ಕೆ ಸರಿದರೆ ಆ ತಟ್ಟೆ ಹೊರಕ್ಕೆ ಏಳುತ್ತದೆ. ಹೋಲ್‌ಸ್ಟರಿಗೆ ಇಳಿಸುವಾಗ ಹೆಬ್ಬೆರಳನ್ನು ಅದರ ಮೇಲೆ ಒತ್ತಿಟ್ಟುಕೊಂಡರೆ ಟ್ರಿಗರ್ ಮುಂದುವರಿಯಲಾಗದೆ ನಿಲ್ಲುತ್ತದೆ. ಪೂರ್ತಿ ಬಿಗಿದೇ ಇರುವ ಪಿ320ಯಲ್ಲಿ ಸ್ಟ್ರೈಕರ್ ಹೀಗೆ ಹಿಂದಕ್ಕೆ ಬರುವುದಿಲ್ಲವಾದ್ದರಿಂದ ಅಲ್ಲಿ ಈ ಉಪಾಯಕ್ಕೆ ಎಡೆಯಿಲ್ಲ. ಅಜ್ಜ ಕಣ್ಣಿನಿಂದ ನೋಡುತ್ತಿದ್ದ ಕುದುರೆಯನ್ನು ನಾನೀಗ ಹೆಬ್ಬೆರಳಿನಿಂದ ತಡವಿ ನೋಡುತ್ತಿದ್ದೇನೆ.